ಲೋಪಸಂಧಿ

ಪತ್ರಿಕೆಯಲ್ಲಿ ‘ವಿಲೀನ’ ಎಂಬ ಮಾತು ಕಣ್ಣಿಗೆ ಬಿದ್ದಾಗಲೆಲ್ಲ ನನಗೆ ವ್ಯಾಕರಣದ ನೆನಪಾಗುತ್ತದೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸಿದವನಿಗೆ ಅದು ಬಿಡಲಾರದ ಚಟ. ಎರಡು ಬ್ಯಾಂಕುಗಳು ಕೂಡಿದವು, ಎರಡು ಕಾರ್ಖಾನೆಗಳು ಒಂದಾದವು ಎಂದು ಓದಿದೊಡನೆ, ಇದು ಯಾವ ಸಂಧಿ ಎಂದು ಮನಸ್ಸು ಕೇಳಿಕೊಳ್ಳುತ್ತದೆ. ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಕೂಡುವುದೇ ಸಂಧಿಯೆಂದು ಪುಸ್ತಕದಲ್ಲಿ ಹೇಳಿದೆಯಷ್ಟೆ. ಆದರೆ ಹಾಗೆ ಕೂಡುವಾಗ ಯಾರಿಗೂ ಏನೂ ಆಗದೆ ಉಳಿಯುವುದು ಅಪರೂಪ. ‘ಮಾತು’, ‘ಅನ್ನು’ ಕೂಡಿ ‘ಮಾತನ್ನು’ ಆಗುವಾಗ ನಡುವಿನ ಉಕಾರವೊಂದು ಸದ್ದಿಲ್ಲದೆ ಪ್ರಾಣ ಬಿಟ್ಟಿರುತ್ತದೆ, ಅದು ಲೋಪಸಂಧಿ. ‘ಮನೆ’, ‘ಅನ್ನು’ ಕೂಡಿ ‘ಮನೆಯನ್ನು’ ಆಗುವಾಗ ಎರಡರಲ್ಲಿಯೂ ಇಲ್ಲದ ಯಕಾರವೊಂದು ನಡುವೆ ಬಂದು ನಿಲ್ಲುತ್ತದೆ; ಅದು ಆಗಮ. ‘ಮಳೆ’, ‘ಕಾಲ’ ಕೂಡಿ ‘ಮಳೆಗಾಲ’ವಾದಾಗ ಕಕಾರದ ಪೀಠದ ಮೇಲೆ ಗಕಾರ ಕುಳಿತಿರುತ್ತದೆ, ಅದು ಆದೇಶ. ಪರೀಕ್ಷೆಯಲ್ಲಿ ಒಂದೋ ಎರಡೋ ಅಂಕ ತರುವ ಈ ಸಂಗತಿ ಲೋಕವ್ಯವಹಾರದಲ್ಲಿ ಜನರ ಅನ್ನದ, ಊರಿನ, ಒಮ್ಮೊಮ್ಮೆ ಪ್ರಾಣದ ಸಂಗತಿಯಾಗಿಬಿಡುತ್ತದೆ.

ಇದನ್ನು ನನಗೆ ಮನದಟ್ಟು ಮಾಡಿಕೊಟ್ಟದ್ದು ಯಾವ ವ್ಯಾಕರಣ ಗ್ರಂಥವೂ ಅಲ್ಲ. ಸ್ಕಾಟ್ಲೆಂಡಿನ ಒಂದು ಹಳೆಯ ರೈಲು ಕಂಪೆನಿ. ಅದರ ಹೆಸರು ನಾರ್ತ್ ಬ್ರಿಟಿಷ್ ರೈಲ್ವೆ.

ಎಲ್ಲಿಯ ಸ್ಕಾಟ್ಲೆಂಡು, ಎಲ್ಲಿಯ ಕನ್ನಡ ಪಂಡಿತ ಎಂದು ವಾಚಕರು ಕೇಳಬಹುದು. ನಮ್ಮ ತಂದೆಯವರು ಮೈಸೂರು ಸಂಸ್ಥಾನದ ರೈಲ್ವೆಯಲ್ಲಿ ಗುಮಾಸ್ತರಾಗಿದ್ದರು. ೧೯೫೧ರ ಏಪ್ರಿಲ್ ೧೪ರಂದು ಆ ರೈಲ್ವೆಯೂ, ಮದರಾಸು ಮತ್ತು ದಕ್ಷಿಣ ಮರಾಠಾ ರೈಲ್ವೆಯೂ, ಸೌತ್ ಇಂಡಿಯನ್ ರೈಲ್ವೆಯೂ ಕೂಡಿ ದಕ್ಷಿಣ ರೈಲ್ವೆಯಾದವು. ಆಗ ನಾನಿನ್ನೂ ಬಾಲಕ. ಹಳೆಯ ಹೆಸರು ಅಚ್ಚಾಗಿದ್ದ ಕಾಗದಗಳು ಮುಗಿಯುವ ತನಕ ತಂದೆಯವರು ಕೆಂಪು ಮಸಿಯಲ್ಲಿ ಆ ಹೆಸರಿನ ಮೇಲೆ ಗೆರೆ ಎಳೆದು, ಮೇಲುಗಡೆ ಹೊಸ ಹೆಸರನ್ನು ಕೈಯಲ್ಲಿ ಬರೆಯುತ್ತಿದ್ದುದು ನನಗೆ ನೆನಪಿದೆ. ಸಂಬಳಕ್ಕೆ ಕೊರತೆಯಾಗಲಿಲ್ಲ, ಗಾಡಿಗಳೂ ಮೊದಲಿನಂತೆಯೇ ಓಡಿದವು. ಆದರೂ ನಿವೃತ್ತರಾಗುವ ತನಕ ಅವರ ಬಾಯಲ್ಲಿ ಅದು ‘ನಮ್ಮ ಮೈಸೂರು ರೈಲ್ವೆ’ಯೇ. ಆ ‘ನಮ್ಮ’ ಎಂಬುದು ಕಾಗದದಲ್ಲಿ ಎಲ್ಲಿದ್ದಿತು, ಕೆಂಪು ಗೆರೆಗೆ ಅದು ಸಿಕ್ಕಲಿಲ್ಲವೇಕೆ ಎಂಬ ಪ್ರಶ್ನೆ ನನ್ನಲ್ಲಿ ಬಹಳ ಕಾಲ ಉಳಿದಿತ್ತು. ಮಗಳ ಸಂಸಾರ ಎಡಿನ್‌ಬರೋ ನಗರದಲ್ಲಿ ನೆಲೆಗೊಂಡ ಮೇಲೆ ಅಲ್ಲಿಗೆ ಹೋಗಿ ಕೆಲವು ತಿಂಗಳು ಇರುವ ಯೋಗ ಬಂದಿತು. ಮುದುಕನಿಗೆ ಅಲ್ಲಿ ಮಾಡಲು ಕೆಲಸವೇನು? ರೈಲು ಹತ್ತುವುದು, ಇಳಿಯುವುದು, ಹಳೆಯ ಕಲ್ಲುಗಳ ಮೇಲಿನ ಹೆಸರುಗಳನ್ನು ಓದುವುದು. ಹಾಗೆ ಪರಿಚಯವಾದದ್ದು ಈ ಕಂಪೆನಿ.

ಅದರ ಹೆಸರಿನಲ್ಲಿಯೇ ಒಂದು ಸಂಧಿಯ ಕತೆ ಅಡಗಿದೆ. ೧೭೦೭ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಇಂಗ್ಲೆಂಡಿನದರೊಡನೆ ಕೂಡಿದ ಮೇಲೆ ಸ್ಕಾಟ್ಲೆಂಡನ್ನು ‘ಉತ್ತರ ಬ್ರಿಟನ್’ ಎಂದು ಕರೆಯುವ ರೂಢಿ ಬಲವಾಯಿತು. ಸ್ವಂತ ಹೆಸರಿದ್ದ ಒಂದು ನಾಡಿಗೆ ದಿಕ್ಕಿನ ಹೆಸರು ಬಂದಿತು. ಆ ದಿಕ್ಕಿನ ಹೆಸರನ್ನೇ ಹೊತ್ತು ಈ ಕಂಪೆನಿ ೧೮೪೪ರಲ್ಲಿ ಶಾಸನಬದ್ಧವಾಗಿ ಹುಟ್ಟಿ, ೧೮೪೬ರ ಜೂನ್ ತಿಂಗಳಲ್ಲಿ ಎಡಿನ್‌ಬರೋದಿಂದ ಇಂಗ್ಲೆಂಡಿನ ಗಡಿಯ ಬೆರಿಕ್ ಪಟ್ಟಣದವರೆಗೆ ೫೭ ಮೈಲಿಗಳ ದಾರಿಯನ್ನು ತೆರೆಯಿತು.

ಹುಟ್ಟಿದ ಮಗುವಿಗೆ ಹಸಿವು ಹೆಚ್ಚು. ಸ್ವಂತ ದಾರಿ ತೆರೆಯುವುದಕ್ಕೆ ಮೊದಲೇ, ೧೮೪೫ರಲ್ಲಿ, ಅದು ಎಡಿನ್‌ಬರೋ ಮತ್ತು ಡಾಲ್ಕೀತ್ ರೈಲ್ವೆಯನ್ನು ಕೊಂಡುಕೊಂಡಿತು. ಆ ಪುಟ್ಟ ದಾರಿಯಲ್ಲಿ ಹಳಿಯ ಮೇಲೆ ಓಡುವ ಉಗಿಯಂತ್ರವಿರಲಿಲ್ಲ. ಬಂಡಿಗಳನ್ನು ಕುದುರೆಗಳು ಎಳೆಯುತ್ತಿದ್ದವು. ಹೊಗೆಯಿಲ್ಲದ, ಆತುರವಿಲ್ಲದ ಆ ರೈಲಿಗೆ ಜನ ‘ಮುಗ್ಧ ರೈಲು’ ಎಂದು ಅಕ್ಕರೆಯ ಹೆಸರಿಟ್ಟಿದ್ದರು. ಹಳಿಗಳ ಅಂತರ ಬೇರೆಯಾಗಿದ್ದುದರಿಂದ ಕೊಂಡವರು ಅದನ್ನು ಕಿತ್ತು ತಮ್ಮ ಅಳತೆಗೆ ಹಾಸಿದರು. ಕುದುರೆಗಳ ಜಾಗಕ್ಕೆ ಉಗಿಯಂತ್ರ ಬಂದಿತು. ಇಂದು ಅದರ ಒಂದು ಭಾಗ ಕಾಲುದಾರಿ. ಹಳೆಯ ಸುರಂಗದೊಳಗೆ ಸೈಕಲ್ಲು ತುಳಿಯುವವರ ನಡುವೆ ನಾನೂ ಕೋಲೂರಿಕೊಂಡು ನಡೆದಿದ್ದೇನೆ. ಜನರ ಬಾಯಲ್ಲಿ ಅದಿನ್ನೂ ‘ಮುಗ್ಧ ರೈಲ್ವೆ’ಯ ದಾರಿಯೇ.

ಕಂಪೆನಿಗಳ ಲೋಕದಲ್ಲಿ ನಡೆಯುವುದು ಮತ್ಸ್ಯನ್ಯಾಯ. ಚಿಕ್ಕ ಮೀನನ್ನು ದೊಡ್ಡ ಮೀನು ನುಂಗುತ್ತದೆ. ಆದರೆ ಒಂದು ಮೀನು ಇನ್ನೊಂದನ್ನು ನುಂಗಿದ ಮರುದಿನವೇ ತಾನೂ ಮತ್ತೊಂದರ ಬಾಯಿಗೆ ಬೀಳುವುದನ್ನು ನೋಡಬೇಕಾದರೆ ೧೮೬೫ಕ್ಕೆ ಹೋಗಬೇಕು. ಸ್ಕಾಟ್ಲೆಂಡಿನ ಅತ್ಯಂತ ಹಳೆಯ ರೈಲು ದಾರಿಗಳಲ್ಲಿ ಒಂದು ೧೮೨೬ರಲ್ಲಿ ಮಂಕ್‌ಲೆಂಡ್ ಪ್ರದೇಶದ ಕಲ್ಲಿದ್ದಲನ್ನು ಕಾಲುವೆಗೆ ಸಾಗಿಸಲೆಂದು ಹುಟ್ಟಿತ್ತು. ಅದು ೧೮೪೮ರಲ್ಲಿ ನೆರೆಯ ಎರಡು ಕಂಪೆನಿಗಳೊಡನೆ ಕೂಡಿ ಮಂಕ್‌ಲೆಂಡ್ ರೈಲ್ವೇಸ್ ಎನಿಸಿಕೊಂಡಿತು. ಈ ಹಿರಿಯ ಸಂಸ್ಥೆ ೧೮೬೫ರ ಜುಲೈ ೩೧ರಂದು ಎಡಿನ್‌ಬರೋ ಮತ್ತು ಗ್ಲಾಸ್ಗೋ ರೈಲ್ವೆಯಲ್ಲಿ ವಿಲೀನವಾಯಿತು. ಮರುದಿನ, ಆಗಸ್ಟ್ ೧ರಂದು, ಆ ಎಡಿನ್‌ಬರೋ ಮತ್ತು ಗ್ಲಾಸ್ಗೋ ರೈಲ್ವೆಯೇ ನಾರ್ತ್ ಬ್ರಿಟಿಷ್ ರೈಲ್ವೆಯಲ್ಲಿ ವಿಲೀನವಾಯಿತು! ಹೊಸ ಸೊಸೆ ಹೊಸ್ತಿಲು ದಾಟಿ ಬಂದು ಬೆಳಗಾಗುವಷ್ಟರಲ್ಲಿ ಆ ಮನೆತನದ ಹೆಸರೇ ಅಳಿಸಿಹೋಗಿತ್ತು. ಲೋಪಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಯಾವ ಪಠ್ಯಪುಸ್ತಕದಲ್ಲಿಯೂ ದೊರೆತಿಲ್ಲ.

ಆದರೆ ಹೆಸರು ಲೋಪವಾದ ಮಾತ್ರಕ್ಕೆ ವಸ್ತು ಲೋಪವಾಗಬೇಕೆಂಬ ನಿಯಮವಿಲ್ಲ. ಸೋತ ಕಂಪೆನಿಗೆ ಗ್ಲಾಸ್ಗೋ ನಗರದ ಕೌಲೇರ್ಸ್ ಎಂಬಲ್ಲಿ ಯಂತ್ರದ ಕಾರ್ಖಾನೆಯಿತ್ತು. ಗೆದ್ದ ಕಂಪೆನಿಗೆ ಮುಂದೆ ಅದೇ ಮುಖ್ಯ ಕಾರ್ಖಾನೆಯಾಯಿತು. ಅಲ್ಲಿಯೇ ನಗರದೊಳಕ್ಕೆ ಇಳಿಯುವ ಕಡಿದಾದ ಏರೊಂದುಂಟು. ಮೇಲೆ ನಿಲ್ಲಿಸಿದ ಸ್ಥಿರಯಂತ್ರವೊಂದು ಹಗ್ಗದಿಂದ ಗಾಡಿಗಳನ್ನು ಆ ಏರಿನ ಮೇಲಕ್ಕೆ ಎಳೆಯುತ್ತಿತ್ತು. ೧೮೪೨ರಲ್ಲಿ ಹಳೆಯ ಕಂಪೆನಿ ಆರಂಭಿಸಿದ ಈ ಪದ್ಧತಿ ಹೊಸ ಕಂಪೆನಿಯ ಕೈಯಲ್ಲಿ ೧೯೦೮ರವರೆಗೂ ನಡೆಯಿತು. ಹಗ್ಗಕ್ಕೆ ವಿಲೀನದ ಸುದ್ದಿ ಹೇಳಿದವರಾರು?

ಅತಿಯಾಗಿ ಉಂಡವನಿಗೆ ಅಜೀರ್ಣ ತಪ್ಪದು. ಸಂಧಿಯಾದ ಮರುವರ್ಷವೇ, ೧೮೬೬ರಲ್ಲಿ, ಕಂಪೆನಿಯ ಲೆಕ್ಕದ ಪುಸ್ತಕಗಳ ಗುಟ್ಟು ಹೊರಬಿದ್ದಿತು. ಅಧ್ಯಕ್ಷ ರಿಚರ್ಡ್ ಹಾಡ್ಜ್‌ಸನ್ ಹತ್ತು ವರ್ಷಗಳಿಂದ ಕಂಪೆನಿಯನ್ನು ನಾಲ್ಕೂ ದಿಕ್ಕಿಗೆ ಹಿಗ್ಗಿಸಿದವರು; ೧೮೬೨ರಲ್ಲಿ ಎಡಿನ್‌ಬರೋದಿಂದ ಗಡಿನಾಡಿನ ಗುಡ್ಡಗಳನ್ನು ದಾಟಿ ಕಾರ್ಲೈಲ್ ತಲುಪುವ ೯೮ ಮೈಲಿಗಳ ದಾರಿಯನ್ನು ಪೂರ್ತಿಗೊಳಿಸಿದವರು. ಷೇರುದಾರರು ತೃಪ್ತರಾಗಿದ್ದರು. ಏಕೆಂದರೆ ಲಾಭಾಂಶ ತಪ್ಪದೆ ಬರುತ್ತಿತ್ತು. ಲಾಭವೇ ಇಲ್ಲದೆ ಲಾಭಾಂಶ ಎಲ್ಲಿಂದ ಬರುತ್ತದೆ? ಲೆಕ್ಕವನ್ನು ತಿದ್ದಿ, ಮೂಲಧನದಿಂದಲೇ ತೆಗೆದು ಹಂಚಲಾಗುತ್ತಿತ್ತು. ಬಿತ್ತನೆಯ ಕಾಳನ್ನು ಕುಟ್ಟಿ ಹಬ್ಬ ಮಾಡಿದಂತೆ. ಹಾಡ್ಜ್‌ಸನ್ ಅಧಿಕಾರ ಬಿಟ್ಟು ಹೊರನಡೆದರು. ಕಂಪೆನಿ ಬೀಳದೆ ಉಳಿದದ್ದೇ ದೊಡ್ಡದಾಯಿತು. ವಿಲೀನದ ದಿನ ಹೊಸ ಮನೆಗೆ ಬಂದ ಸಣ್ಣ ಕಂಪೆನಿಗಳವರಿಗೆ ಆ ಮನೆಯ ಕಣಜ ಬರಿದೆಂದು ತಿಳಿದಿದ್ದರೆ ಏನೆನ್ನುತ್ತಿದ್ದರೋ!

ಇನ್ನು ಆಗಮದ ಮಾತು. ೧೮೬೨ರಲ್ಲಿ ಈ ಕಂಪೆನಿ ಎಡಿನ್‌ಬರೋ, ಪರ್ತ್ ಮತ್ತು ಡಂಡೀ ರೈಲ್ವೆಯನ್ನು ತನ್ನಲ್ಲಿ ಸೇರಿಸಿಕೊಂಡಿತ್ತು. ಕಾಗದದಲ್ಲಿ ಎರಡೂ ಒಂದಾದವು; ಭೂಮಿಯ ಮೇಲೆ ನಡುವೆ ನೀರಿತ್ತು. ಫೋರ್ತ್, ಟೇ ಎಂಬ ಎರಡು ಕಡಲಿನ ತೋಳುಗಳು ದಾರಿಯನ್ನು ಮೂರು ತುಂಡು ಮಾಡಿದ್ದವು. ಪ್ರಯಾಣಿಕರು ಗಾಡಿಯಿಂದ ಇಳಿದು, ದೋಣಿ ಹತ್ತಿ, ಮತ್ತೆ ಗಾಡಿ ಹಿಡಿಯಬೇಕು. ಸಾಮಾನಿನ ಬಂಡಿಗಳನ್ನು ಹಳಿ ಹಾಸಿದ ಹಡಗಿನ ಮೇಲೇರಿಸಿ ಫೋರ್ತನ್ನು ದಾಟಿಸುವ ಉಪಾಯವನ್ನು ೧೮೫೦ರಲ್ಲಿ ಮಾಡಿದವನು ಥಾಮಸ್ ಬೌಚ್ ಎಂಬ ಇಂಜಿನಿಯರು. ಎರಡು ಸ್ವರಗಳು ಎದುರುಬದುರಾಗಿ ನಿಂತು ನಾಲಿಗೆ ತಡವರಿಸುವಾಗ ನಡುವೆ ಯಕಾರವೋ ವಕಾರವೋ ಬರಬೇಕಲ್ಲವೆ? ಹಾಗೆ ಇಲ್ಲಿ ಸೇತುವೆ ಬರಬೇಕಾಗಿತ್ತು. ಅದನ್ನು ಕಟ್ಟುವ ಕೆಲಸವೂ ಬೌಚನ ಪಾಲಿಗೇ ಬಂದಿತು.

ಸುಮಾರು ಎರಡು ಮೈಲಿ ಉದ್ದದ ಟೇ ಸೇತುವೆ ೧೮೭೮ರ ಜೂನ್ ೧ರಂದು ತೆರೆಯಿತು. ಮರುವರ್ಷ ವಿಕ್ಟೋರಿಯಾ ರಾಣಿ ಅದರ ಮೇಲೆ ಪ್ರಯಾಣ ಮಾಡಿದರು. ಬೌಚನಿಗೆ ‘ಸರ್’ ಪದವಿ ದೊರೆಯಿತು. ಅದೇ ವರ್ಷ, ೧೮೭೯ರ ಡಿಸೆಂಬರ್ ೨೮, ಭಾನುವಾರ ರಾತ್ರಿ, ಬಿರುಗಾಳಿಯಲ್ಲಿ ಸೇತುವೆಯ ನಡುಭಾಗದ ಎತ್ತರದ ತೊಲೆಗಳು ಮೇಲೆ ಹೋಗುತ್ತಿದ್ದ ರೈಲುಸಮೇತ ನೀರಿಗೆ ಬಿದ್ದವು. ಗಾಡಿಯಲ್ಲಿದ್ದವರಲ್ಲಿ ಒಬ್ಬರೂ ಬದುಕಲಿಲ್ಲ. ವಿನ್ಯಾಸ, ನಿರ್ಮಾಣ, ಪಾಲನೆ ಮೂರರಲ್ಲಿಯೂ ದೋಷವಿತ್ತೆಂದು ವಿಚಾರಣೆ ಹೇಳಿತು. ಬೌಚ್ ಒಂದು ವರ್ಷ ತುಂಬುವುದರೊಳಗೇ ತೀರಿಕೊಂಡನು. ನೀರಿನಿಂದ ಮೇಲೆತ್ತಿದ ೨೨೪ನೆಯ ಸಂಖ್ಯೆಯ ಯಂತ್ರವನ್ನು ಮಾತ್ರ ಕಂಪೆನಿ ದುರಸ್ತಿ ಮಾಡಿ ೧೯೧೯ರವರೆಗೆ ದುಡಿಸಿತು. ಅದಕ್ಕೆ ನೌಕರರು ‘ಮುಳುಗುಗಾರ’ ಎಂದು ಹೆಸರಿಟ್ಟರು.

ಡಂಡೀ ನಗರದ ದಡದಲ್ಲಿ ೨೦೧೩ರಲ್ಲಿ ನಿಲ್ಲಿಸಿದ ಕಲ್ಲುಗಳ ಮೇಲೆ ಸತ್ತವರ ಹೆಸರುಗಳನ್ನು ಕೆತ್ತಿದ್ದಾರೆ. ಗುರುತು ಸಿಕ್ಕವರು ೫೯ ಮಂದಿ. ನಾನು ಒಂದೊಂದನ್ನೂ ನಿಧಾನವಾಗಿ ಓದಿದೆನು. ಹಾಜರಿ ಕೂಗುವ ಹಳೆಯ ಅಭ್ಯಾಸ. ಎದುರಿಗೆ ೧೮೮೭ರಲ್ಲಿ ಕಟ್ಟಿದ ಹೊಸ ಸೇತುವೆಯ ಮೇಲೆ ಗಾಡಿಯೊಂದು ಹೋಗುತ್ತಿತ್ತು. ಅದರ ಪಕ್ಕದಲ್ಲಿಯೇ, ನೀರಿನ ಮೇಲೆ ತುಸುವೇ ತಲೆ ಎತ್ತಿ, ಬಿದ್ದ ಸೇತುವೆಯ ಕಂಬಗಳ ಬುಡಗಳು ಸಾಲಾಗಿ ನಿಂತಿವೆ. ಅಳಿಸಿದ ಪದದ ಮೇಲಿನ ಚುಕ್ಕಿಗಳಂತೆ ಅವು ನನಗೆ ಕಂಡವು.

ಟೇ ಕಲಿಸಿದ ಪಾಠ ಫೋರ್ತಿಗೆ ಬಂದಿತು. ಅಲ್ಲಿಗೂ ಬೌಚ್ ಮಾಡಿದ್ದ ಯೋಜನೆಯನ್ನು ಕೈಬಿಟ್ಟು, ಜಾನ್ ಫೌಲರ್ ಮತ್ತು ಬೆಂಜಮಿನ್ ಬೇಕರ್ ಎಂಬಿಬ್ಬರ ಕೈಯಲ್ಲಿ ಉಕ್ಕಿನ ಮಹಾಸೇತುವೆಯನ್ನು ಕಟ್ಟಿಸಲಾಯಿತು. ೧೮೯೦ರ ಮಾರ್ಚ್ ೪ರಂದು ಅದು ತೆರೆಯಿತು. ಇದರ ಭಾರವನ್ನು ನಾರ್ತ್ ಬ್ರಿಟಿಷ್ ಒಂದೇ ಹೊರಲಿಲ್ಲ. ಇಂಗ್ಲೆಂಡಿನ ಮೂರು ಕಂಪೆನಿಗಳೂ ಹೆಗಲು ಕೊಟ್ಟವು. ಯಾರೂ ಯಾರನ್ನೂ ನುಂಗದೆ ನಾಲ್ವರು ಕೂಡಿ ಮಾಡಿದ ಆ ಸೇತುವೆ ೨೦೧೫ರಲ್ಲಿ ವಿಶ್ವಪರಂಪರೆಯ ತಾಣವೆನಿಸಿತು. ಒಂದು ಕೆಲಸಕ್ಕೆ ಕೂಡುವುದು ಬೇರೆ, ಒಂದೇ ಆಗಿಬಿಡುವುದು ಬೇರೆ ಎಂಬುದನ್ನು ಆ ಉಕ್ಕು ಇಂದಿಗೂ ಹೇಳುತ್ತಿದೆ.

ಇಷ್ಟೆಲ್ಲ ನುಂಗಿ, ನೊಂದು, ಕಟ್ಟಿ, ಸ್ಕಾಟ್ಲೆಂಡಿನ ಅತಿ ದೊಡ್ಡ ರೈಲು ಕಂಪೆನಿಯಾಗಿ ಬೆಳೆದವನ ಸರದಿಯೂ ಬಂದಿತು. ೧೯೨೧ರ ಶಾಸನವು ಬ್ರಿಟನ್ನಿನ ನೂರಿಪ್ಪತ್ತರಷ್ಟು ಕಂಪೆನಿಗಳನ್ನು ನಾಲ್ಕು ಗುಂಪು ಮಾಡಿತು. ೧೯೨೩ರ ಜನವರಿ ೧ರಂದು ನಾರ್ತ್ ಬ್ರಿಟಿಷ್ ಎಂಬ ಹೆಸರು ಹೋಗಿ ಆ ಪೀಠದಲ್ಲಿ ‘ಲಂಡನ್ ಮತ್ತು ನಾರ್ತ್ ಈಸ್ಟರ್ನ್’ ಎಂಬ ಹೆಸರು ಕುಳಿತಿತು. ಇದು ಆದೇಶಸಂಧಿ. ಅದರ ಹಳೆಯ ದಾಯಾದಿ ಕ್ಯಾಲಿಡೋನಿಯನ್ ರೈಲ್ವೆ ಇನ್ನೊಂದು ಗುಂಪಿಗೆ ಸೇರಿ ‘ಲಂಡನ್, ಮಿಡ್‌ಲೆಂಡ್ ಮತ್ತು ಸ್ಕಾಟಿಷ್’ ಎನಿಸಿತು. ಎರಡು ಹೆಸರುಗಳೂ ಲಂಡನ್ನಿನಿಂದಲೇ ಆರಂಭವಾಗುವುದನ್ನು ವಾಚಕರು ಗಮನಿಸಬೇಕು. ಒಂದು ಸಮಾಧಾನವೇನೆಂದರೆ, ಹೊಸ ಲಂಡನ್ ಕಂಪೆನಿಯ ಮೊದಲ ಅಧ್ಯಕ್ಷರಾಗಿ ಬಂದವರು ವಿಲಿಯಂ ವೈಟ್‌ಲಾ. ನಾರ್ತ್ ಬ್ರಿಟಿಷ್ ಕಂಪೆನಿಯ ಕೊನೆಯ ಅಧ್ಯಕ್ಷರು. ೧೯೪೮ರ ಜನವರಿ ೧ರಂದು ಎಲ್ಲವೂ ರಾಷ್ಟ್ರದ ಸೊತ್ತಾದಾಗ ಸ್ಕಾಟ್ಲೆಂಡಿನ ದಾರಿಗಳೆಲ್ಲ ಒಂದೇ ವಿಭಾಗದ ಕೆಳಗೆ ಬಂದವು. ೧೮೯೫ರ ಬೇಸಗೆಯಲ್ಲಿ ಲಂಡನ್ನಿನಿಂದ ಅಬರ್ಡೀನಿಗೆ ರಾತ್ರಿರಾತ್ರಿ ಗಾಡಿಗಳನ್ನು ಪಂದ್ಯದ ಕುದುರೆಗಳಂತೆ ಓಡಿಸಿದ ಎರಡು ಪಕ್ಷಗಳ ಮನೆತನದವರು ಹೀಗೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತರು.

ಈವರೆಗೆ ಹೋದದ್ದು ಹೆಸರುಗಳು. ದಾರಿಯೇ ಹೋದರೆ? ಹಾಡ್ಜ್‌ಸನ್ ಪೂರ್ತಿಗೊಳಿಸಿದ ಗಡಿನಾಡಿನ ದಾರಿಗೆ, ಆ ಸೀಮೆಯಲ್ಲಿಯೇ ಬಾಳಿದ ವಾಲ್ಟರ್ ಸ್ಕಾಟನ ಕಾದಂಬರಿಯ ನೆನಪಿಗೆ, ‘ವೇವರ್ಲಿ ದಾರಿ’ ಎಂದು ಹೆಸರು. ಆ ದಾರಿಯಲ್ಲಿ ರಿಕಾರ್ಟನ್ ಜಂಕ್ಷನ್ ಎಂಬ ರೈಲು ನೌಕರರ ಊರೊಂದಿತ್ತು. ಮನೆಗಳಿದ್ದವು, ಶಾಲೆಯಿತ್ತು, ಅಂಗಡಿಯಿತ್ತು. ದಶಕಗಳ ಕಾಲ ಅಲ್ಲಿಗೆ ರಸ್ತೆ ಮಾತ್ರ ಇರಲಿಲ್ಲ. ಉಪ್ಪು ಬಂದರೂ ರೈಲಿನಲ್ಲಿ, ವೈದ್ಯರು ಬಂದರೂ ರೈಲಿನಲ್ಲಿ. ಲಾಭ ತರದ ದಾರಿಗಳನ್ನು ಮುಚ್ಚಬೇಕೆಂದು ೧೯೬೩ರಲ್ಲಿ ಬೀಚಿಂಗ್ ವರದಿ ಬಂದಿತು. ವೇವರ್ಲಿ ದಾರಿಯೂ ಪಟ್ಟಿಯಲ್ಲಿತ್ತು. ೧೯೬೯ರ ಜನವರಿ ೫ರ ರಾತ್ರಿ ಕೊನೆಯ ಗಾಡಿ ಎಡಿನ್‌ಬರೋ ಬಿಟ್ಟು ಹೊರಟಾಗ ನ್ಯೂಕಾಸಲ್‌ಟನ್ ಎಂಬ ಹಳ್ಳಿಯ ಜನ ಗೇಟು ಮುಚ್ಚಿ ಹಳಿಯ ಮೇಲೆ ನಿಂತುಬಿಟ್ಟರು. ಮುಂದಾಳಾದ ಊರಿನ ಪಾದ್ರಿಯನ್ನು ಪೊಲೀಸರು ಹಿಡಿದರು. ಅದೇ ಗಾಡಿಯಲ್ಲಿದ್ದ ಪಾರ್ಲಿಮೆಂಟು ಸದಸ್ಯ ಡೇವಿಡ್ ಸ್ಟೀಲ್ ಇಳಿದು ಬಂದು ಜನರೊಡನೆ ಮಾತನಾಡಿದರು. ಗಾಡಿ ಹೋಯಿತು. ರಿಕಾರ್ಟನ್ ಎಂಬ ಊರೂ ಹೋಯಿತು. ದೊಡ್ಡ ಸಂಸ್ಥೆಯ ಪುಸ್ತಕದಲ್ಲಿ ಅದೊಂದು ಸಣ್ಣ ಖರ್ಚಿನ ಬಾಬ್ತು. ಅಲ್ಲಿಯವರಿಗೆ ಲೋಕವೇ ಅದು.

೨೦೧೫ರ ಸೆಪ್ಟೆಂಬರಿನಲ್ಲಿ ಆ ದಾರಿಯ ಉತ್ತರ ಭಾಗ ಮತ್ತೆ ಬದುಕಿತು. ಹೊಸದಾಗಿ ಹಾಸಿದ ಸುಮಾರು ೩೦ ಮೈಲಿಗಳ ಹಳಿಯ ಮೇಲೆ ಮಗಳೊಡನೆ ನಾನೂ ಟ್ವೀಡ್‌ಬ್ಯಾಂಕಿನವರೆಗೆ ಹೋದೆನು. ಹಳಿ ಅಲ್ಲಿಗೆ ನಿಲ್ಲುತ್ತದೆ. ೧೮೪೯ರಲ್ಲಿಯೇ ರೈಲು ಕಂಡ ಹಾಯಿಕ್ ಪಟ್ಟಣ ಇನ್ನೂ ಮುಂದಿದೆ. ಅಲ್ಲಿಗೆ ಇಂದಿಗೂ ರೈಲಿಲ್ಲ, ಬಸ್ಸೇ ಗತಿ. ಬಸ್ಸಿಗಾಗಿ ನಿಂತಿದ್ದ ಮುದುಕಿಯೊಬ್ಬಳು, ನಾನು ಹಳಿಯ ತುದಿಯನ್ನೇ ನೋಡುತ್ತಿದ್ದುದನ್ನು ಕಂಡು, “ನಮ್ಮ ದಾರಿ ಇಲ್ಲಿಗೆ ಮುಗಿಯಲಿಲ್ಲ, ಸ್ವಾಮಿ, ಇಲ್ಲಿ ನಿಂತಿದೆ, ಅಷ್ಟೆ” ಎಂಬರ್ಥದ ಮಾತನ್ನು ಹೇಳಿದಳು. ಆ ‘ನಮ್ಮ’ ಎಂಬ ಮಾತನ್ನು ನಾನು ಮೊದಲೇ ಕೇಳಿದ್ದೆನು. ಅದರ ಬೆಲೆಯನ್ನು ಹಾಡ್ಜ್‌ಸನ್ ಮಹಾಶಯನ ಪುಸ್ತಕದಲ್ಲಿಯೂ ಕಾಣೆವು, ಬೀಚಿಂಗ್ ವರದಿಯಲ್ಲಿಯೂ ಕಾಣೆವು. ಆದರೆ ನಲವತ್ತಾರು ವರ್ಷ ಪ್ರಯಾಣಿಕರ ಗಾಡಿಯಿಲ್ಲದೆ ಬಿದ್ದಿದ್ದ ದಾರಿಯನ್ನು ಮತ್ತೆ ಎಬ್ಬಿಸಿದ್ದರಲ್ಲಿ ಆ ಮಾತಿನ ಪಾಲೂ ಉಂಟು.

ಸಂಧಿ ಮಾಡುವವರು ಬೇರೆ, ಬಿಡಿಸಿ ಬರೆಯುವವರು ಬೇರೆ. ಮಾಡುವವರಿಗೆ ಕೂಡಿದ ಪದದ ಅಂದ ಸಾಕು. ಬಿಡಿಸಿ ಬರೆದಾಗಲೇ ಯಾವ ಅಕ್ಷರ ಹೋಯಿತೆಂಬುದು ತಿಳಿಯುತ್ತದೆ. ಎಲ್ಲ ಸಂಧಿಯೂ ಕೇಡೆಂದು ನಾನು ಹೇಳುವವನಲ್ಲ. ಕೂಡದೆ ಇದ್ದಿದ್ದರೆ ಎಡಿನ್‌ಬರೋದಿಂದ ಡಂಡೀವರೆಗೆ ಇಂದಿಗೂ ಎರಡು ಬಾರಿ ದೋಣಿ ಹತ್ತಬೇಕಾಗುತ್ತಿತ್ತೇನೋ. ಕೂಡುವ ಮೊದಲು, ಲೋಪವಾಗಲಿರುವ ಅಕ್ಷರ ಯಾರ ಮನೆಯದೆಂದು ಒಮ್ಮೆ ಕೇಳಿದರೆ ಸಾಕು.

ವ್ಯಾಕರಣದಲ್ಲಿ ಇನ್ನೊಂದು ಮಾತುಂಟು: ಪ್ರಕೃತಿಭಾವ. ಸಂಧಿಯಾಗಬೇಕಾದ ಕಡೆಯಲ್ಲಿಯೂ ಆಗದೆ, ಇದ್ದಂತೆಯೇ ಉಳಿದುಬಿಡುವುದು. ಎಡಿನ್‌ಬರೋ ಸ್ಟೇಷನ್ನಿನ ನೆತ್ತಿಯ ಮೇಲೆ ಈ ಕಂಪೆನಿ ೧೯೦೨ರಲ್ಲಿ ಭಾರಿ ಹೋಟೆಲೊಂದನ್ನು ತೆರೆದು ಅದರ ಗೋಪುರದಲ್ಲಿ ಗಡಿಯಾರವಿಟ್ಟಿತು. ಹೋಟೆಲಿನ ಹೆಸರು ಈಗ ಬಾಲ್ಮೋರಲ್. ಆದರೆ ಗಡಿಯಾರ ಮಾತ್ರ ಹಿಂದಿನಂತೆ ಮೂರು ನಿಮಿಷ ಮುಂದೆಯೇ ನಡೆಯುತ್ತಿದೆ. ಓಡಿ ಬರುವವರಿಗೆ ಗಾಡಿ ತಪ್ಪದಿರಲೆಂದು. ಹೊಸ ವರ್ಷ ಹುಟ್ಟುವ ರಾತ್ರಿಯೊಂದರಲ್ಲಿ ಮಾತ್ರ ಅದಕ್ಕೆ ಸರಿಯಾದ ಹೊತ್ತನ್ನು ಕಲಿಸುತ್ತಾರೆ. ಕಂಪೆನಿ ಇಲ್ಲವಾಗಿ ನೂರು ವರ್ಷ ಕಳೆದಿದೆ. ಅದರ ಷೇರುಗಳು, ಮುದ್ರೆಗಳು, ಅಧ್ಯಕ್ಷರು ಯಾರೂ ಇಲ್ಲ. ದಾರಿಯಲ್ಲಿ ಏದುಸಿರು ಬಿಡುತ್ತ ಬರುವ ಯಾವನೋ ಪ್ರಯಾಣಿಕ ತಲೆಯೆತ್ತಿ ನೋಡಿ, ಹೆಜ್ಜೆ ಬೇಗ ಹಾಕಿ, ತನ್ನ ಗಾಡಿಯನ್ನು ಹಿಡಿಯುತ್ತಾನೆ. ಆ ಮೂರು ನಿಮಿಷಗಳನ್ನು ಅವನಿಗೆ ಕೊಟ್ಟವರ ಹೆಸರು ಅವನಿಗೆ ತಿಳಿದಿರುವುದಿಲ್ಲ.